ಹನ್ನೊಂದು ಡಿಗ್ರಿ

ನಾನು ವಿಜ್ಞಾನದ ಇತಿಹಾಸ ಬರೆಯುವವನು, ದೆವ್ವಗಿವ್ವ ನಂಬುವವನಲ್ಲ. ಹಳೆಯ ಹವಾಮಾನ ಕೇಂದ್ರವೊಂದರ ವೀಕ್ಷಕ, ತಾನು ಸಾಯುವ ಮುಂಚಿನ ಬೇಸಿಗೆಯಿಡೀ, ತನ್ನ ಕೋಣೆಯ ಮಧ್ಯಾಹ್ನದ ತಾಪಮಾನ ಹನ್ನೊಂದು ಡಿಗ್ರಿ ಎಂದೇ ದಾಖಲಿಸಿದ್ದ. ಅವನು ಕೆಲಸಗಳ್ಳ, ಕೂತಲ್ಲೇ ಸುಳ್ಳು ಅಂಕಿ ಗೀಚಿದ್ದಾನೆ ಎಂದು ಒಂದು ಪುಸ್ತಕದಲ್ಲಿ ಸಾಧಿಸಿ ನಾನು ಹೆಸರು ಮಾಡಿದೆ. ಆ ಪುಸ್ತಕದಿಂದಲೇ ಪ್ರಾಧ್ಯಾಪಕನೂ ಆದೆ. ಆ ಕೋಣೆಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ನಿವೃತ್ತನಾದ ವರ್ಷ, ಸುಡುಬಿಸಿಲಿನ ಒಂದು ಮಧ್ಯಾಹ್ನ ಹೋದೆ. ಕಾವಲುಗಾರ ಬೀಗ ತೆಗೆದು ಹೊರಗೇ ನಿಂತ.

"ನೀವು ಒಳಗೆ ಬರಲ್ವಾ?"

"ಇಲ್ಲ ಸಾರ್, ಇವತ್ತು ಸ್ವೆಟರ್ ತಂದಿಲ್ಲ."

ನಕ್ಕು ಒಳಗೆ ಹೋದೆ. ಖಾಲಿ ಮೇಜಿನ ಕಡೆಯಿಂದ ನಿಬ್ಬು ಕಾಗದ ಕೆರೆಯುವ ಸದ್ದು ಬರುತ್ತಿತ್ತು. ನಾನು ಉಸಿರು ಬಿಗಿಹಿಡಿದಾಗ ಅದೂ ನಿಂತಿತು. ಕೈಯಲ್ಲಿದ್ದ ಹೊಸ ಥರ್ಮಾಮೀಟರ್ ನೋಡಿದೆ. ಹನ್ನೊಂದು.

ಮನೆಗೆ ತಂದರೂ ಅದು ಏರಲಿಲ್ಲ. "ಕೆಟ್ಟಿರ್ಬೇಕು ಕಣ್ರೀ, ತೋರಿಸ್ಕೊಂಡು ಬನ್ನಿ," ಎಂದಳು ಹೆಂಡತಿ, ಶಾಲು ಹೊದ್ದುಕೊಳ್ಳುತ್ತಾ.

ಮರುದಿನ ರಿಪೇರಿಯವನ ಅಂಗಡಿಗೆ ಒಯ್ದೆ. ಬೆವರು ಒರೆಸಿಕೊಳ್ಳುತ್ತಿದ್ದವನು ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿದ.

"ಏನೂ ಕೆಟ್ಟಿಲ್ಲ ಸಾರ್. ಸರಿಯಾಗೇ ತೋರಿಸ್ತಿದೆ."

ಹಾಗೆನ್ನುವಾಗ ಅವನ ಬಾಯಿಂದ ಬಿಳಿ ಹಬೆ ಬಂತು.