ಜೊಂಡಿನೊಳಗೆ ಬಿದ್ದ ಬಾಲ್

ಬಾಲ್ ಹಾರಿತು. ಹಾರಿತು ಅಂದರೆ ಅಂತಿಂಥ ಹಾರಾಟವಲ್ಲ. ಮೋಡದ ತಲೆ ಸವರಿ, ಎರಡು ಹದ್ದುಗಳನ್ನು ಪಕ್ಕಕ್ಕೆ ಸರಿಸಿ, ಮೈದಾನದಾಚೆಯ ಜೌಗಿನ ಜೊಂಡುಹುಲ್ಲಿನೊಳಗೆ ದೊಪ್ಪೆಂದು ಬಿತ್ತು. ಒದ್ದವಳು ಪಟಾಕಿ. ವಯಸ್ಸು ಹತ್ತು, ಕೋಪ ಹತ್ತು ಸಾವಿರ.

“ಇರೋದೇ ಒಂದು ಬಾಲ್ ಕಣೇ,” ಎಂದಳು ಕ್ಯಾಪ್ಟನ್ ಏಣಿ. ಅವಳು ಎಷ್ಟು ಉದ್ದವೆಂದರೆ, ತಲೆಗೆ ಬಿದ್ದ ಮಳೆಯ ಸುದ್ದಿ ಕಾಲಿಗೆ ಮುಟ್ಟುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು. “ನಾಳೆ ಮ್ಯಾಚಿಗೆ ನಾವೇ ಬಾಲ್ ತರಬೇಕು. ಇಲ್ಲಾಂದ್ರೆ ಆಡದೇ ಸೋತ ಹಾಗೆ.”

“ನೀನೇ ಹೋಗಿ ತಾ. ಕ್ಯಾಪ್ಟನ್ ನೀನು ತಾನೆ? ನಾನು ಬರೀ ಉಪನಾಯಕಿ.”

ಕೋಪವೆಲ್ಲ ಆ ‘ಉಪ’ದ ಮೇಲೆಯೇ. ‘ಉಪಯೋಗಕ್ಕೆ ಬಾರದವಳು’ ಎನ್ನುವುದರ ಶಾರ್ಟ್ ಫಾರ್ಮ್ ಅದು ಎಂದು ಪಟಾಕಿ ತೀರ್ಮಾನ ಮಾಡಿಬಿಟ್ಟಿದ್ದಳು.

ಆದರೂ ಒದ್ದವಳೇ ತರಬೇಕಲ್ಲ. ದಡದಲ್ಲಿ ಅವಳ ಚಿಕ್ಕಮ್ಮ ಚಾಪೆ ಹೆಣೆಯಲು ಜೊಂಡು ಕೊಯ್ದು ದೋಣಿಗೆ ತುಂಬುತ್ತಿದ್ದಳು.

“ದೋಣಿ ಹತ್ತು,” ಎಂದಳು ಚಿಕ್ಕಮ್ಮ. “ಕುಣಿದ್ರೆ ಇಬ್ರೂ ಕೆಸರಿನ ಗೊಂಬೆ ಆಗ್ತೀವಿ.”

ದೋಣಿ ಜೊಂಡಿನೊಳಗೆ ನುಸುಳಿತು. ಒಳಗೆ ಕಪ್ಪೆಗಳ ಗಲಾಟೆ ಏಳು ಶಾಲೆಗಳ ಊಟದ ಬಿಡುವನ್ನು ಒಟ್ಟಿಗೆ ಬಿಟ್ಟಂತಿತ್ತು. ಮೀನಿನ ಮರಿಗಳಂತೂ ನೀರಿಗೇ ಜಾಗ ಸಾಲದಷ್ಟು.

“ಚಿಕ್ಕಮ್ಮ, ಇದು ಕೆರೆನಾ?”

“ಕೆರೆಯಲ್ಲ ಕಣೇ, ಉಪನದಿ. ಇಲ್ಲಿ ಕಾಲು ಚಾಚಿ ಕೂತಿದೆ, ಅಷ್ಟೇ. ಮುಂದೆ ಹೋಗಿ ದೊಡ್ಡ ನದಿ ಸೇರುತ್ತೆ.”

“ಅಯ್ಯೋ ಪಾಪ. ಇದೂ ಉಪಾನಾ?”

ಚಿಕ್ಕಮ್ಮ ನಕ್ಕಳು. “ನಿನ್ನೆ ಅಷ್ಟು ಮಳೆ ಹುಯ್ತಲ್ಲ, ನಿಮ್ಮ ಮನೆಗೆ ನೀರು ನುಗ್ತಾ?”

“ಇಲ್ಲ.”

“ಆ ನೀರೆಲ್ಲ ಎಲ್ಲಿ ಹೋಯ್ತು ಅಂದ್ಕೊಂಡೆ? ನೋಡು, ಇದೇ ಹಿಡ್ಕೊಂಡಿದೆ. ಚೂರುಚೂರೇ ಬಿಡ್ತಾ ಇದೆ.”

ಪಟಾಕಿ ಬಗ್ಗಿ ನೋಡಿದಳು. ಗುಡ್ಡದ ಕಡೆಯಿಂದ ಕೆಂಪಾಗಿ ಬಂದ ನೀರು ಜೊಂಡಿನ ಬುಡಗಳ ನಡುವೆ ಮೆಲ್ಲಗೆ ತೆವಳುತ್ತಿತ್ತು. ಮಣ್ಣು ತಳಕ್ಕೆ ಕೂರುತ್ತಿತ್ತು. ಆಚೆ ಬದಿಯಲ್ಲಿ ಅದೇ ನೀರು ಅವಳ ಮೂಗು ಕಾಣುವಷ್ಟು ತಿಳಿಯಾಗಿತ್ತು.

“ಚಿಕ್ಕಮ್ಮ, ಬಾಲ್!”

ಬಾಲ್ ಇತ್ತು. ಆದರೆ ಅದಕ್ಕೆ ಅಂಟಿಕೊಂಡು ಒಂದು ತೇಲುವ ಗೂಡೂ ಇತ್ತು. ಗೂಡಿನ ಒಡತಿ ಗುಳುಮುಳುಕ ಹಕ್ಕಿ ಮೊಟ್ಟೆಗಳ ಮೇಲೆ ಒದ್ದೆ ಎಲೆ ಎಳೆದು, ಗುಳುಂ ಎಂದು ಮುಳುಗಿತು.

ಪಟಾಕಿ ಬಾಲಿಗೆ ಕೈ ಹಾಕಿದಳು. ಗೂಡು ಓಲಾಡಿ ಒಂದು ಕಡೆಗೆ ಜಾರತೊಡಗಿತು. ಸಟ್ಟನೆ ಕೈ ಬಿಟ್ಟಳು. ಗೂಡನ್ನು ಹಿಡಿದಿದ್ದ ಜೊಂಡು ಮಳೆಗೆ ಮುರಿದಿತ್ತು. ಅದು ಕೊಚ್ಚಿಹೋಗದಂತೆ ತಡೆದಿದ್ದುದು ಬುಡಗಳ ನಡುವೆ ಸಿಕ್ಕಿಕೊಂಡಿದ್ದ ಬಾಲೇ.

ಬಾಲ್ ತೆಗೆದರೆ ಗೂಡು ಹೋಯಿತು, ಬಿಟ್ಟರೆ ಮ್ಯಾಚ್ ಹೋಯಿತು. ಪಟಾಕಿಯ ತಲೆ ಎಷ್ಟು ಜೋರಾಗಿ ಓಡಿತೆಂದರೆ ಕೂದಲಿಂದ ಹೊಗೆ ಬರುವುದೊಂದು ಬಾಕಿ.

“ಸಬ್‌ಸ್ಟಿಟ್ಯೂಟ್,” ಎಂದಳು.

“ಏನದು?”

“ಆಟದಲ್ಲಿ ಒಬ್ಬರು ಹೊರಗೆ ಬಂದ್ರೆ ಇನ್ನೊಬ್ಬರು ಒಳಗೆ. ಒಂದು ಕಟ್ಟು ಜೊಂಡು ಕೊಡು ಚಿಕ್ಕಮ್ಮ. ಗಟ್ಟಿಯಾಗಿ ಬಿಗಿ.”

ಕಟ್ಟು ಒಳಗೆ ಹೋಯಿತು, ಬಾಲ್ ಹೊರಗೆ ಬಂತು. ಗೂಡು ಕದಲಲಿಲ್ಲ. ದೋಣಿ ದೂರ ಸರಿದಾಗ ಗುಳುಮುಳುಕ ಮೇಲೆದ್ದು, ಹೊಸಬನನ್ನು ಒಮ್ಮೆ ಕುಕ್ಕಿ ನೋಡಿ, ಒಪ್ಪಿಕೊಂಡು ಕಾವಿಗೆ ಕೂತಿತು.

ದೋಣಿ ಜೌಗು ದಾಟಿ, ಉಪನದಿ ದೊಡ್ಡ ನದಿಯನ್ನು ಸೇರುವ ಜಾಗಕ್ಕೆ ಬಂತು. ನದಿಗೆ ಸೇತುವೆಯ ಮೇಲೆ ಆನೆ ಗಾತ್ರದ ಹೆಸರಿನ ಬೋರ್ಡು. ಉಪನದಿಗೆ ಏನೂ ಇರಲಿಲ್ಲ. ಕಂದು ಬಣ್ಣದ ದೊಡ್ಡ ನೀರಿನೊಳಗೆ ಅದರ ತಿಳಿನೀರು ಒಂದು ಪಟ್ಟಿಯಂತೆ ಬಹುದೂರ ಹೊಳೆಯುತ್ತಾ ಹೋಗುತ್ತಿತ್ತು.

“ಪಟಾಕೀ, ಸಿಕ್ತಾ?” ದಡದುದ್ದಕ್ಕೂ ಓಡಿಬಂದ ಏಣಿ ಕೂಗಿದಳು.

ಪಟಾಕಿ ಬಾಲನ್ನು ಅವಳ ಕೈಗೇ ಬೀಳುವಂತೆ ಎಸೆದಳು.

“ಚಿಕ್ಕಮ್ಮ,” ಎಂದಳು ಮೆಲ್ಲಗೆ, “ಇನ್ನೊಂಚೂರು ನಿಲ್ಸು. ಈ ತಿಳಿನೀರು ಎಲ್ಲೀವರೆಗೂ ಹೋಗುತ್ತೆ ನೋಡ್ಬೇಕು.”