ಡೆಲ್ಫಿಯಾ ಕೊಟ್ಟ ಸಾಲು

"ಮೈಕು ಆಚೆ ತೆಗೀರಿ! ಇಲ್ಲಾಂದ್ರೆ ಈ ಪೊರಕೆ ನಿಮ್ಮ ಬೆನ್ನ ಮೇಲೇ ಮುರಿಯತ್ತೆ!"

ಡೆಲ್ಫಿಯಾ ಕಾಡಿಲ್ ತಾನು ಮುಂದೆ ಪ್ರೀತಿಸಲಿದ್ದ ಗಂಡಸಿಗೆ ಹೇಳಿದ ಮೊದಲ ಮಾತು ಇದು.

ಕೆಂಟಕಿಯ ಬೆಟ್ಟಗಳ ಸಂದಿ. ಬೆಳಗಿನ ಏಳು ಗಂಟೆ. ಕಲ್ಲಿದ್ದಲು ಗಣಿಯ ಗೇಟಿನ ಮುಂದೆ ಮೂವತ್ತು ಹೆಂಗಸರು ರಸ್ತೆಗಡ್ಡ ನಿಂತಿದ್ದರು. ಮುಷ್ಕರ ಹೂಡಿದ ಕಾರ್ಮಿಕರು ರಸ್ತೆ ತಡೆಯಬಾರದು ಅಂತ ಕಂಪನಿ ಕೋರ್ಟಿನಿಂದ ಆಜ್ಞೆ ತಂದಿತ್ತು. ಅವರ ಹೆಂಡಿರು, ತಾಯಂದಿರು, ಮಗಳಂದಿರ ಬಗ್ಗೆ ಆ ಆಜ್ಞೆಯಲ್ಲಿ ಒಂದಕ್ಷರವೂ ಇರಲಿಲ್ಲ!

ಐದು ವಾರದ ಹಿಂದೆ ಸುರಂಗದ ಚಾವಣಿ ಕುಸಿದು ಡೆಲ್ಫಿಯಾಳ ಅಪ್ಪ ಹೋಬರ್ಟ್ ಸತ್ತಿದ್ದ. ಆಸರೆಗೆ ಮರದ ಕಂಬ ನಿಲ್ಲಿಸಿ ಅಂತ ಕಾರ್ಮಿಕರು ಆರು ತಿಂಗಳು ಬಾಯಿ ಬಡಿದುಕೊಂಡಿದ್ದರು. ಕಂಪನಿ ನಿಲ್ಲಿಸಲಿಲ್ಲ. ಸತ್ತ ಮೇಲೆ 'ದೇವರ ಇಚ್ಛೆ' ಅಂದಿತು!

"ಕಂಪನಿ ಟ್ರಕ್ಕು ಬಂತು ಕಣ್ರೇ!" ಯಾರೋ ಕೂಗಿದರು.

ಡೆಲ್ಫಿಯಾ ಕಣ್ಣು ಮುಚ್ಚಿ ಸಾಲು ಕೊಟ್ಟಳು. ಬೆಟ್ಟದ ಹಳೇ ಚರ್ಚುಗಳಲ್ಲಿ ಹಾಡುವುದೇ ಹಾಗೆ. ಒಬ್ಬರು ಸಾಲು ಕೊಡಬೇಕು, ಉಳಿದವರು ಅದನ್ನೇ ಎಳೆದೆಳೆದು ತಿರುಗಿ ಹಾಡಬೇಕು.

"ಹಲಗೆಯ ಮೇಲೆ ತೂಗುತಲಿಹುದು ನಾನೂರ ಹದಿನೇಳು..."

ಮೂವತ್ತು ಕಂಠಗಳು ಅದನ್ನು ಎತ್ತಿಕೊಂಡವು.

"ಎಲ್ಲರ ಬಿಲ್ಲೆ ಮನೆ ಸೇರಿದವು, ಅಪ್ಪನದೊಂದೇ ಉಳಿಯಿತು..."

ಗಣಿಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ತೂಗುಹಾಕಿ ಹೋಗುತ್ತಾನೆ. ಮೇಲೆ ಬಂದಾಗ ತೆಗೆದುಕೊಳ್ಳುತ್ತಾನೆ. ತೆಗೆಯದೆ ಉಳಿದ ಬಿಲ್ಲೆ ಅಂದರೆ... ಅದರ ಅರ್ಥ ಗೊತ್ತಿಲ್ಲದ ಮನೆ ಆ ಕಣಿವೆಯಲ್ಲಿ ಇರಲಿಲ್ಲ.

ಟ್ರಕ್ಕು ಕೀರೆಂದು ನಿಂತಿತು. ಡ್ರೈವರ್ ಟೋಪಿ ತೆಗೆದ. ಆಮೇಲೆ... ಗಾಡಿ ಹಿಂದಕ್ಕೆ ತಿರುಗಿಸಿದ!

ಕೇಕೆಯೋ ಕೇಕೆ! ಆ ಗದ್ದಲದಲ್ಲೇ ಅವಳ ಬಾಯಿಯ ಮುಂದೆ ಮೈಕು ಬಂದಿದ್ದು, ಪೊರಕೆ ಎದ್ದಿದ್ದು.

"ಹೊಡೀರಿ, ಆದ್ರೆ ಟೇಪ್ ರೆಕಾರ್ಡರ್‌ಗೆ ಬೇಡ. ಅದು ನಂದಲ್ಲ, ರೇಡಿಯೊದವರದು," ಅಂದ ಆ ಉದ್ದನೆಯ ಹುಡುಗ. ಬೆನ್ನ ಮೇಲೆ ಬ್ಯಾಂಜೊ. ಕಣ್ಣಲ್ಲಿ ನೀರು! "ಡಾಯ್ಲ್ ನೇಪಿಯರ್ ಅಂತ. ಒಂದೇ ಪ್ರಶ್ನೆ. ಈ ಹಾಡು ಕಟ್ಟಿದ್ದು ಯಾರು?"

ಡೆಲ್ಫಿಯಾ ತಿರುಗಿ ನೋಡಿದಳು. ಹೆಂಗಸರ ಸಾಲಿನಲ್ಲಿ ನಿಂತಿದ್ದ ಅವಳ ಝೆಲ್ಲಾ ಅಜ್ಜಿ ಅವಳನ್ನೇ ದಿಟ್ಟಿಸುತ್ತಿದ್ದಳು.

ಅವರ ಚರ್ಚಿನಲ್ಲಿ 'ನಾನು ಕಟ್ಟಿದೆ' ಅನ್ನುವುದು ಸೊಕ್ಕು. ಹಾಡು ಕಟ್ಟಿದವರು ಅದನ್ನು ತಮ್ಮಜ್ಜಿಯದು ಅನ್ನಬೇಕು. ಆ ಅಜ್ಜಿ ಕೂಡ ತನ್ನ ಹಾಡನ್ನು ತನ್ನಜ್ಜಿಯದು ಅಂದವಳೇ!

"ಹಳೇ ಹಾಡು. ನಮ್ಮಜ್ಜಿಯದು," ಅಂದಳು. ಅವಳ ಕಿವಿ ಕೆಂಪಾಯಿತು.

ಅವನು ಆ ಕೆಂಪು ಕಿವಿಯನ್ನೇ ನೋಡಿದ. "ಹಾಗೇ ಬರ್ಕೋತೀನಿ," ಅಂದ ಮೆಲ್ಲಗೆ.

ಮಾರನೆಯ ದಿನ ಬೆಟ್ಟದ ಅಷ್ಟೂ ಅಡುಗೆಮನೆಗಳ ರೇಡಿಯೊದಲ್ಲಿ ನಾನೂರ ಹದಿನೇಳು!

ಆಮೇಲಿನ ವರ್ಷ ರೆಕ್ಕೆ ಕಟ್ಟಿಕೊಂಡು ಹಾರಿತು. ಡಾಯ್ಲ್ ಅವಳ ಕೈಗೆ ಗಿಟಾರ್ ಕೊಟ್ಟ. ಅವಳು ಕಪ್ಪಾದ ತೊರೆಯ ಬಗ್ಗೆ ಕಟ್ಟಿದಳು, ಕಲ್ಲಿದ್ದಲ ಧೂಳು ತುಂಬಿದ ಶ್ವಾಸಕೋಶಗಳ ಬಗ್ಗೆ ಕಟ್ಟಿದಳು. ಯೂನಿಯನ್ ಸಭೆಗಳು, ಕಾಲೇಜು ಮೈದಾನಗಳು, ಟೆನೆಸ್ಸಿ, ವರ್ಜೀನಿಯಾ... ಅವಳ ಧ್ವನಿ, ಅವನ ಬ್ಯಾಂಜೊ. ಊರೂರು ಸುತ್ತಿದ ಹಳೇ ಪಿಕಪ್ ಗಾಡಿಯಲ್ಲಿ ಜೋಳದ ರೊಟ್ಟಿ, ಜಗಳ, ನಗು!

"ನಿನ್ನ ಬ್ಯಾಂಜೊ ನಿನಗಿಂತ ಜಾಸ್ತಿ ಮಾತಾಡತ್ತೆ," ಅಂತ ಒಮ್ಮೆ ಛೇಡಿಸಿದಳು.

"ನನಗೆ ಹೇಳೋಕೆ ಧೈರ್ಯ ಇಲ್ಲದ್ದನ್ನ ಅದು ಹೇಳ್ತಿದೆ."

ಅವಳು ಕಿಟಕಿಯಾಚೆ ನೋಡಿದಳು. 'ಅಯ್ಯೋ ದೇವರೇ, ಇವನಿಗೆ ನನ್ನ ಎದೆ ಬಡಿತ ಕೇಳಿಸದಿರಲಿ!'

ನ್ಯಾಶ್‌ವಿಲ್‌ನ ಒಂದು ಸಣ್ಣ ಸಂಸ್ಥೆ ಅವಳ ಮೊದಲ ರೆಕಾರ್ಡ್ ತಂದಿತು. ಹನ್ನೊಂದು ಹಾಡಿನ ಕೆಳಗೂ ಅವಳ ಹೆಸರು. ಹನ್ನೆರಡನೆಯದು ನಾನೂರ ಹದಿನೇಳು. ಅದರ ಕೆಳಗೆ ಮಾತ್ರ... 'ಸಾಂಪ್ರದಾಯಿಕ.'

ಎದೆ ಚುರ್ ಎಂದಿತು. ರೆಕಾರ್ಡನ್ನು ಮತ್ತೆ ಕವರಿಗೆ ಸೇರಿಸಿದಳು. ಎಷ್ಟೆಂದರೂ ಹಾಗೆ ಹೇಳಿದವಳು ತಾನೇ ಅಲ್ಲವೇ?

ಒಂದು ಸಂಜೆ ಅಜ್ಜಿಯ ಜೊತೆ ಬೀನ್ಸ್ ಬಿಡಿಸುತ್ತಿದ್ದಾಗ ಟಿ.ವಿ.ಯಲ್ಲಿ ಅವಳದೇ ರಾಗ ಬಂತು. ನಗುನಗುತ್ತಾ ಗಣಿಗೆ ಇಳಿಯುವ ಕಾರ್ಮಿಕರು, ಬಿಳಿ ಹಲ್ಲು, ಹಸಿರು ಬೆಟ್ಟ. "ನಮ್ಮ ಗಣಿಯಲಿ ಬೆಳಗುತಲಿಹುದು ನಾಳಿನ ಮನೆಯ ದೀಪ..."

ಕಂಪನಿಯ ಜಾಹೀರಾತು! ಬಿಲ್ಲೆ ಇಲ್ಲ. ಹಲಗೆ ಇಲ್ಲ. ಅಪ್ಪ ಇಲ್ಲ!

ಫೋನು ಮಾಡಿ ಕೇಳಿದ್ದಕ್ಕೆ, ಯಾರದ್ದೂ ಅಲ್ಲದ ಹಳೇ ಹಾಡು, ಯಾರು ಬೇಕಾದರೂ ಬಳಸಬಹುದು, ಅಂದಿತು ಕಂಪನಿ. ಬೆಟ್ಟವನ್ನೂ, ಬೆಟ್ಟದ ಕೆಳಗಿನ ಕಪ್ಪು ಬಂಗಾರವನ್ನೂ ಅವರು ಎತ್ತಿಕೊಂಡಿದ್ದು ಹೀಗೇ ಅಲ್ಲವೇ? ಯಾರದ್ದೂ ಅಲ್ಲ ಅಂತ!

ಡೆಲ್ಫಿಯಾ ಓಡಿದಳು. ರೇಡಿಯೊ ಕಚೇರಿಯ ಬಾಗಿಲು ದಡಾರನೆ ತೆರೆಯಿತು.

"ಸಾಂಪ್ರದಾಯಿಕ ಅಂತ ಬರೆದುಕೊಟ್ಟಿದ್ದು ಯಾರು?"

ಡಾಯ್ಲ್ ಎದ್ದು ನಿಂತ. "ನಾನು."

"ಕಟ್ಟಿದ್ದು ನಾನು ಅಂತ ನಿನಗೆ ಗೊತ್ತಿರಲಿಲ್ವಾ?"

"ಮೊದಲ ದಿನವೇ ಗೊತ್ತಿತ್ತು. ನಿಮ್ಮಪ್ಪನ ನಂಬರು ನಿಮ್ಮಜ್ಜಿಯ ಕಾಲದ ಹಾಡಲ್ಲಿ ಹೇಗೆ ಬರತ್ತೆ?"

"ಗೊತ್ತಿದ್ದೂ...!"

"ಡೆಲ್ಫಿ, ನೀನೇ ಹೇಳಿದ್ದು. ನಾನೂ ಇದೇ ಬೆಟ್ಟದವನು. ನಿನ್ನ ಮಾತಿಗೆ ಎದುರು ಬರೆದಿದ್ರೆ ನಿನ್ನನ್ನ ನಿನ್ನ ಚರ್ಚಿನ ಮುಂದೆ ತಲೆ ತಗ್ಗಿಸಿ ನಿಲ್ಲಿಸಿದಂತೆ ಆಗ್ತಿತ್ತು..."

"ನೀನು ನನ್ನಪ್ಪನಿಗೆ ವಾರಸುದಾರರೇ ಇಲ್ಲದ ಹಾಗೆ ಮಾಡಿಬಿಟ್ಟೆ, ಡಾಯ್ಲ್."

ಅವಳು ತಿರುಗಿ ನೋಡದೆ ಹೊರಟಳು.

ಮೂರು ತಿಂಗಳು! ಫೋನು ಎತ್ತಲಿಲ್ಲ. ಒಬ್ಬಳೇ ಗಿಟಾರ್ ಹಿಡಿದು ಬಸ್ಸು ಹತ್ತಿದಳು, ಒಬ್ಬಳೇ ಹಾಡಿದಳು. ಆ ಹಾಡೊಂದನ್ನು ಬಿಟ್ಟು. ವೇದಿಕೆಯಲ್ಲಿ ಎಡಗಡೆ, ಅವನು ಕೂರುತ್ತಿದ್ದ ಜಾಗದಲ್ಲಿ, ಒಂದು ಖಾಲಿ ಕುರ್ಚಿ ಹಾಕಿಸಿಕೊಳ್ಳುತ್ತಿದ್ದಳು. ಯಾಕೆ ಅಂತ ಯಾರಾದರೂ ಕೇಳಿದರೆ, "ಗಿಟಾರಿನ ಪೆಟ್ಟಿಗೆ ಇಡೋಕೆ," ಅನ್ನುತ್ತಿದ್ದಳು.

ಪೆಟ್ಟಿಗೆಯನ್ನು ನೆಲದ ಮೇಲೇ ಇಡುತ್ತಿದ್ದಳು.

ಶನಿವಾರ ಮಧ್ಯಾಹ್ನ, ಹೈಸ್ಕೂಲಿನ ಆಟದ ಸಭಾಂಗಣ. ಗಣಿ ಕಾರ್ಮಿಕರ ದೊಡ್ಡ ಸಭೆ. ನಾನೂರು ಜನ! ಮುಂದಿನ ಸಾಲಿನಲ್ಲಿ ಝೆಲ್ಲಾ ಅಜ್ಜಿ, ತೊಡೆಯ ಮೇಲೆ ಕೈಚೀಲ.

ಎರಡು ಹಾಡು ಮುಗಿದಿತ್ತು. ಹಿಂದಿನಿಂದ ಬೇರೆ ಕಣಿವೆಯ ಮುದುಕನೊಬ್ಬ ಎದ್ದ.

"ಕೂಸೇ, ಆ ಕಂಪನಿ ಹಾಡು ಹಾಡು! ಟಿ.ವಿ.ಯಲ್ಲಿ ಬರತ್ತಲ್ಲ, ಮನೆ ದೀಪ ಅಂತ... ಚೆನ್ನಾಗಿದೆ ಅದು!"

ಯಾರೋ ಚಾಕು ಇಳಿಸಿದಂತಾಯಿತು. ಕಂಪನಿ ಹಾಡು! ಮುದುಕನ ತಪ್ಪೇನಿಲ್ಲ. ಇನ್ನು ಹತ್ತು ವರ್ಷಕ್ಕೆ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅಪ್ಪನನ್ನು ಕೊಂದವರ ಬಾಯಲ್ಲಿ ಅಪ್ಪನ ಹಾಡು... ಎಂದೆಂದಿಗೂ!

ಗಿಟಾರಿನ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿದಳು.

ಆಗ ಎಡಗಡೆಯ ಮೆಟ್ಟಿಲ ಮೇಲೆ ಬೂಟಿನ ಸದ್ದು. ಉದ್ದನೆಯ ಆಕೃತಿ. ಭುಜಕ್ಕೆ ಅದೇ ಟೇಪ್ ರೆಕಾರ್ಡರ್. ಕೈಯಲ್ಲಿ ಮೈಕು!

"ರೇಡಿಯೊದಲ್ಲಿ ನೇರ ಪ್ರಸಾರ ಆಗ್ತಿದೆ," ಅಂದ ಡಾಯ್ಲ್. ಜೇಬಿನಿಂದ ರೆಕಾರ್ಡಿನ ದುಂಡನೆಯ ಹೊಸ ಲೇಬಲ್ ತೆಗೆದ. ಹನ್ನೆರಡನೆಯ ಹಾಡಿನ ಕೆಳಗೆ ಏನೂ ಬರೆದಿರಲಿಲ್ಲ. "ಮೂರು ತಿಂಗಳು ನ್ಯಾಶ್‌ವಿಲ್‌ನವರ ಬಾಗಿಲಲ್ಲಿ ಕೂತು ಹೊಸದಾಗಿ ಅಚ್ಚು ಹಾಕ್ಸೋಕೆ ಒಪ್ಪಿಸಿದೀನಿ. ಆದ್ರೆ ಹೆಸರು ನಾನು ಹೇಳೋದಲ್ಲ, ಡೆಲ್ಫಿ. ಆವತ್ತು ನಿನ್ನ ಪರವಾಗಿ ಸುಮ್ಮನಿದ್ದೆ, ಅದೇ ತಪ್ಪಾಯ್ತು. ಇವತ್ತು ನಿನ್ನ ಪರವಾಗಿ ಮಾತಾಡಿದ್ರೂ ತಪ್ಪೇ."

ಮೈಕು ಮುಂದೆ ಬಂತು.

"ಒಂದೇ ಪ್ರಶ್ನೆ. ಈ ಹಾಡು ಕಟ್ಟಿದ್ದು ಯಾರು?"

ಅಂದಿನ ಅದೇ ಪ್ರಶ್ನೆ! ಅದೇ ಒದ್ದೆ ಕಣ್ಣು!

ಡೆಲ್ಫಿಯಾ ಅಜ್ಜಿಯ ಕಡೆ ನೋಡಿದಳು. ಕಿವಿ ಬಿಸಿಯಾಯಿತು. 'ಸೊಕ್ಕು ಅಂತಾರಾ? ಅನ್ನಲಿ!'

"ನಾನು ಕಟ್ಟಿದ್ದು! ಡೆಲ್ಫಿಯಾ ಕಾಡಿಲ್! ನಾನೂರ ಹದಿನೇಳು ಅಂದ್ರೆ ನನ್ನಪ್ಪ ಹೋಬರ್ಟ್ ಕಾಡಿಲ್! ಆ ಬಿಲ್ಲೆ ಹಲಗೆ ಮೇಲೆ ಉಳಿಯೋ ಹಾಗೆ ಮಾಡಿದೋರಿಗೆ ಈ ಹಾಡಿನ ಒಂದು ಸ್ವರವೂ ಸೇರಲ್ಲ!"



ಝೆಲ್ಲಾ ಅಜ್ಜಿ ಕೈಚೀಲ ಹಿಡಿದು ಎದ್ದಳು. "ಇಷ್ಟು ದಿನ ಬೇಕಾಯ್ತೇನೇ ಹುಡುಗೀ? ನನ್ನ ಒಲೆ ಮುಂದೆ ಕೂತು ಕಟ್ಟಿದ್ದು ನಾನು ನೋಡಿಲ್ವಾ? ನನ್ನ ಕೊರಳಿಗೆ ಸುಳ್ಳು ಕಟ್ಟಿ ಮೆರೆಸಿದ್ದು ಸಾಕು. ಸಾಲು ಕೊಡು!"

ಕೊಟ್ಟಳು! ನಾನೂರು ಕಂಠ ಎತ್ತಿಕೊಂಡವು. ಚಾವಣಿಯ ತಗಡು ನಡುಗಿತು. ಹಿಂದಿನ ಮುದುಕ ಟೋಪಿ ತೆಗೆದು ಎದೆಗೊತ್ತಿಕೊಂಡು ಎಲ್ಲರಿಗಿಂತ ಜೋರಾಗಿ ಹಾಡಿದ. ಆ ಜಾಹೀರಾತು ಇನ್ನು ಎರಡೇ ವಾರ ಬದುಕಿತು.

ಹಾಡು ಮುಗಿದಾಗ ಡಾಯ್ಲ್ ಖಾಲಿ ಕುರ್ಚಿಯ ಪಕ್ಕ ನಿಂತಿದ್ದ.

"ಇದು ಯಾರ ಕುರ್ಚಿ?"

"ಗಿಟಾರಿನ ಪೆಟ್ಟಿಗೇದು."

"ಪೆಟ್ಟಿಗೆ ನೆಲದ ಮೇಲಿದೆ, ಡೆಲ್ಫಿ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅವನ ಅಂಗಿಯ ತುದಿ ಹಿಡಿದು ಪಿಸುಗುಟ್ಟಿದಳು:

"ನಿನ್ನ ಬಿಟ್ಟು ನಾನಿರಲಾರೆ..."

ಮೈಕು ಇನ್ನೂ ಆನ್ ಆಗಿಯೇ ಇತ್ತು!

ಅಭ್ಯಾಸ ಬಲ... ನಾನೂರು ಜನವೂ ಒಂದೇ ಉಸಿರಿಗೆ ಆ ಸಾಲನ್ನು ಎಳೆದೆಳೆದು ತಿರುಗಿ ಹಾಡಿದರು:

"ನಿನ್ನ ಬಿಟ್ಟು ನಾನಿರಲಾರೆ...!"

ಅಜ್ಜಿಯ ಧ್ವನಿಯೇ ಎಲ್ಲಕ್ಕಿಂತ ಮೇಲಿತ್ತು.

ಡೆಲ್ಫಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಡಾಯ್ಲ್ ಆ ಕೈಗಳನ್ನು ಮೆಲ್ಲಗೆ ಬಿಡಿಸಿದ.

"ಈ ಸಾಲು ಕಟ್ಟಿದ್ದು ಯಾರು? ಇದೂ ಅಜ್ಜಿಯದೇನಾ?"

"ನಾನೇ ಕಟ್ಟಿದ್ದು," ಅಂದಳು ಅವನ ಎದೆಗೆ ಒರಗಿ. "ಹೆಸರು ಬರ್ಕೋ!"