ಕೇಳವ್ವನ ಕಿವಿ

"ಊಟ ಆತೇನ್ಪಾ?" ಎಂದು ಗೋಡೆ ಕೇಳಿತು.

ಗಾಜಿನ ಮೇಲೆ ಹೆಬ್ಬೆರಳು ಒತ್ತಿ ನಿಂತಿದ್ದ ಮನುಷ್ಯ, ಬೀದಿಯಲ್ಲಿ ಸಿಕ್ಕ ಪರಿಚಯದವರಿಗೆ ಹೇಳುವಷ್ಟೇ ಸಲೀಸಾಗಿ, "ಆತ್ರೀ" ಎಂದ.

ಗೋಡೆಯ ಜಾಳಿಗೆಯ ಮೇಲಿನ ದೀಪ ಕೆಂಪಾಯಿತು. ಅವನು ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಪಕ್ಕಕ್ಕೆ ಸರಿದ. ಯಾಕೆಂದು ಕೇಳಲಿಲ್ಲ. ಹಿಂದಿದ್ದ ಹೆಂಗಸು ಮುಂದೆ ಬಂದಳು.

"ಊಟ ಆತೇನವ್ವಾ?"

"ಆಗೇತ್ರಿ."

ಕೆಂಪು.

ಹುಬ್ಬಳ್ಳಿಯ ಆಸರೆ ಕೇಂದ್ರದಲ್ಲಿ ಬೆಳಗಿನ ಪಾಳಿ ಹೀಗೆ ಸಾಗಿತ್ತು. ಹಸಿರು ದೀಪ ಬಿದ್ದವರಿಗೆ ಆ ತಿಂಗಳ ಜೋಳ, ಬೇಳೆ, ಎಣ್ಣೆ, ಔಷಧ ಎಲ್ಲವೂ ತಾನಾಗಿಯೇ ಮನೆಗೆ ಹೋಗುತ್ತಿತ್ತು. ಕೆಂಪು ಬಿದ್ದವರು ತಾವಾಗಿಯೇ ಮನೆಗೆ ಹೋಗಬೇಕಿತ್ತು.

ಮೂಲೆಯ ಸ್ಟೂಲಿನ ಮೇಲೆ ಕುಳಿತ ಮೌನೇಶ ಬಡಿಗೇರ ಇದನ್ನೆಲ್ಲ ನೋಡುತ್ತಿದ್ದ, ಅಥವಾ ಕಣ್ಣು ಮಾತ್ರ ಆ ಕಡೆಗಿತ್ತು. ಹೆಸರಿಗೆ ಮೌನೇಶ, ಬಾಯಿ ಮಾತ್ರ ಶನಿವಾರದ ಸಂತೆ. ಕಾಲೇಜಿನಲ್ಲಿದ್ದಾಗ ಅಷ್ಟೂ ಮಾಸ್ತರರನ್ನು ಅವರವರ ಕೆಮ್ಮಿನ ಸಮೇತ ಅನುಕರಿಸುತ್ತಿದ್ದವನು. ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲಿ ಫೋನು ಮಾಡಿ ಇಡೀ ಕಾಲೇಜಿಗೆ ರಜೆ ಕೊಡಿಸಿ, ಸಿಕ್ಕಿಬಿದ್ದಾಗ ಅದೇ ದನಿಯಲ್ಲಿ ತನ್ನನ್ನು ತಾನೇ ಬೈದುಕೊಂಡಿದ್ದ. ಈಗ ಅವನ ಹುದ್ದೆಯ ಹೆಸರು 'ಪರೀಕ್ಷಾ ವಂಚಕ'. ಪ್ರತಿ ಸೋಮವಾರ ಯಂತ್ರದ ಮುಂದೆ ನಿಂತು ಹಸಿದವನಂತೆ ನಟಿಸಬೇಕು. ಯಂತ್ರ ಮೋಸಹೋಗದೆ ಕೆಂಪು ತೋರಿಸಿದರೆ ಅದು ಸರಿಯಾಗಿದೆ ಎಂದರ್ಥ.

"ಸರ್ಕಾರ ಪಗಾರ ಕೊಟ್ಟು ಮೋಸಾ ಮಾಡು ಅಂದಿದ್ದು ನನಗೊಬ್ಬಂಗ. ಉಳಿದವ್ರು ಪುಕ್ಕಟೆ ಮಾಡಾಕತ್ತಾರ" ಎಂದು ಮೊದಮೊದಲು ಹೇಳಿಕೊಂಡು ತಿರುಗುತ್ತಿದ್ದ. ಆರ್ಥಿಕ ಹಿಂಜರಿತ ಶುರುವಾದ ವರ್ಷ, "ಹಿಂಜರಿತ ಅಂದ್ರ ಏನ್ರೀ? ಕೊಡಾವ್ರು ಹಿಂಜರಿಯೂದು" ಎಂದೂ ಒಂದು ಬಿಟ್ಟಿದ್ದ. ಆಗ ಜನ ನಕ್ಕಿದ್ದರು. ಮೂರನೆಯ ವರ್ಷದ ಹೊತ್ತಿಗೆ ಅವನಿಗೂ ಹೇಳಬೇಕೆನ್ನಿಸಲಿಲ್ಲ, ಯಾರೂ ಹೇಳು ಎನ್ನಲೂ ಇಲ್ಲ.

ಯಂತ್ರದ ಹೆಸರು ಸರ್ಕಾರಿ ಭಾಷೆಯಲ್ಲಿ 'ಸ್ವರಮಾಪಿ'. ಕಂಡುಹಿಡಿದವರು ಧಾರವಾಡದ ಧ್ವನಿವಿಜ್ಞಾನಿ ಡಾ. ನಫೀಸಾ ನದಾಫ. ನಮ್ಮ ಗಂಟಲಿನಲ್ಲಿ ತೆಳ್ಳನೆಯ ಎರಡು ಮಡಿಕೆಗಳಿವೆ. ಉಸಿರು ಅವುಗಳ ನಡುವೆ ನುಗ್ಗಿದಾಗ ಅವು ಅದುರಿ ದನಿ ಹುಟ್ಟುತ್ತದೆ. ಹೊಟ್ಟೆ ಖಾಲಿಯಾಗಿ ದೇಹ ಕಳವಳಗೊಂಡರೆ, ಆ ಮಡಿಕೆಗಳನ್ನು ಎಳೆದು ಹಿಡಿಯುವ ಸ್ನಾಯುಗಳಲ್ಲಿ ಕಿವಿಗೆ ಸಿಗದಷ್ಟು ಸಣ್ಣ ನಡುಕವೊಂದು ಸೇರಿಕೊಳ್ಳುತ್ತದೆ. ಅದನ್ನು ಅಳೆದರೆ ಹಸಿವನ್ನೇ ಅಳೆದಂತೆ: ನಡುಕವಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಆದರೆ ಒಬ್ಬೊಬ್ಬರು ಒಂದೊಂದು ಮಾತಾಡಿದರೆ ಹೋಲಿಸುವುದು ಹೇಗೆ? ಉಂಡವರೂ ಹಸಿದವರೂ ಯೋಚಿಸದೆ ಒಂದೇ ರೀತಿ ಆಡುವ ಒಂದು ಮಾತು ಬೇಕಿತ್ತು.

ಅದು ಅವರಿಗೆ ದುರ್ಗದಬೈಲಿನ ಹಿಂದಿನ ಒಂದು ಖಾನಾವಳಿಯ ಬಾಗಿಲಲ್ಲಿ ಸಿಕ್ಕಿತು. ರೊಟ್ಟಿ ಬಡಿಯುತ್ತಿದ್ದ ಕಾಳವ್ವ ಹಾದುಹೋಗುವವರನ್ನೆಲ್ಲ "ಊಟ ಆತೇನ್ಪಾ?" ಎಂದು ಕೇಳುತ್ತಿದ್ದಳು. ಎಲ್ಲರೂ "ಆತ್ಬೇ" ಎನ್ನುತ್ತಿದ್ದರು. ಊಟಕ್ಕೆಂದೇ ಒಳಗೆ ಬರುತ್ತಿದ್ದವರೂ "ಆತ್ಬೇ" ಎಂದು ಹೇಳಿ, ಕೈತೊಳೆದು ಊಟಕ್ಕೆ ಕೂರುತ್ತಿದ್ದರು. ಅಲ್ಲೇ ಉಣ್ಣುತ್ತಿದ್ದ ನಫೀಸಾ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಬಿಟ್ಟು ಎದ್ದು ನಿಂತರಂತೆ. ಎಲ್ಲರ ಬಾಯಲ್ಲೂ ಒಂದೇ ಉತ್ತರ. ಹಾಗಿದ್ದರೆ ದನಿಯಲ್ಲಿರುವ ವ್ಯತ್ಯಾಸವೆಲ್ಲ ದೇಹದ್ದು.

ಕಾಳವ್ವ ಮೌನೇಶನ ದೊಡ್ಡವ್ವ, ತಾಯಿಯಿಲ್ಲದ ಅವನನ್ನು ಬೆಳೆಸಿದವಳು. ಯಂತ್ರಕ್ಕೆ ಅವಳದೇ ದನಿ ಬೇಕೆಂದು ನಫೀಸಾ ಹಟ ಹಿಡಿದರೆ, ಅವಳು "ನಾ ಅಲ್ಲಿ ಬಂದು ಕುಂತ್ರ ಇಲ್ಲಿ ರೊಟ್ಟಿ ಯಾರ ಬಡೀತಾರ?" ಎಂದು ಬರಲೊಪ್ಪಲಿಲ್ಲ. ಕೊನೆಗೆ ಮೌನೇಶ ಹೋಗಿ ಕುಳಿತು ಅವಳ ದನಿಯಲ್ಲಿ ಎಲ್ಲವನ್ನೂ ಮಾತಾಡಿಕೊಟ್ಟ. ಕೇಳುವ ಯಂತ್ರ, ಕಾಳವ್ವನ ದನಿ. 'ಕೇಳವ್ವ' ಎಂದು ಹೆಸರಿಟ್ಟವನೂ ಅವನೇ.

ಕೇಳವ್ವ ಬಂದಮೇಲೆ ಅರ್ಜಿ ಹೋಯಿತು, ಶಿಫಾರಸು ಹೋಯಿತು, ದಲ್ಲಾಳಿಗಳು ಬೇರೆ ಕಸುಬು ಹುಡುಕಿದರು. ಇಡೀ ದೇಶದ ಆಸರೆ ಯೋಜನೆ ಅದರ ಮೇಲೆ ನಿಂತಿತು. ರಾಜ್ಯಕ್ಕೊಂದು ನುಡಿ, ಪ್ರಶ್ನೆ ಮಾತ್ರ ಒಂದೇ. ಆಮೇಲೆ ಹಿಂಜರಿತ ಬಂತು. ಬ್ಯಾಟರಿ ಕಾರ್ಖಾನೆಗಳು ಮುಚ್ಚಿದವು, ಕಾಳವ್ವನ ಖಾನಾವಳಿ ಮುಚ್ಚಿತು, ಕೇಂದ್ರದ ಮುಂದಿನ ಸಾಲು ಗೋಡೆ ಸುತ್ತಿ ಹಿಂದಿನ ಬೀದಿಗೆ ಹೋಯಿತು.

ಆ ಸೋಮವಾರ, ಸಂಶೋಧನಾಲಯದ ಪರವಾಗಿ ಕೇಂದ್ರದಲ್ಲೇ ಇದ್ದು ಯಂತ್ರ ನೋಡಿಕೊಳ್ಳುತ್ತಿದ್ದ ನಫೀಸಾ, ದಿಲ್ಲಿಯಿಂದ ಬಂದ ನಕ್ಷೆಯೊಂದನ್ನು ಪರದೆಯ ಮೇಲೆ ಹಾಕಿದರು. ಜಾರುಬಂಡೆಯಂಥ ಒಂದು ಗೆರೆ.

"ಇದೇನ್ರೀ ಮೇಡಂ?"

"ದೇಶದ ಹಸಿವು. ಇಳಿಯಾಕತ್ತೇತಂತ. ದಿಲ್ಲಿಯವ್ರು ನನಗ ಶಾಲು ಹೊದಿಸ್ತಾರಂತ."

"ಸಾಲು ಬೆಳದೈತಿ, ಅದಕ್ಕ ಶಾಲು" ಎಂದ ಮೌನೇಶ. ಇಬ್ಬರೂ ನಗಲಿಲ್ಲ.

"ಯಂತ್ರ ಕೆಟ್ಟಿಲ್ಲ. ನಾನ ನೋಡೀನಿ" ಎಂದರು ನಫೀಸಾ. ತಮಗೆ ತಾವೇ ಹೇಳಿಕೊಂಡಂತಿತ್ತು.

ಮೌನೇಶ ತಿರುಗಿ ಸಾಲಿನ ಕಡೆ ನೋಡಿದ. ಗಾಜಿನ ಮುಂದೆ ಈಗ ನಿಂತವಳು ಕಾಳವ್ವ.

"ಊಟ ಆತೇನವ್ವಾ?" ಎಂದು ಅವಳ ದನಿ ಅವಳನ್ನು ಕೇಳಿತು.

"ಆತು" ಎಂದಳು ಕಾಳವ್ವ.

ಕೆಂಪು. ಜೊತೆಗೆ ಕೆಳಗಿನ ಪಟ್ಟಿಯಲ್ಲಿ ಸೂಚನೆಯೊಂದು ಹರಿಯಿತು: ಇದು ಎರಡನೆಯ ಕೆಂಪು. ಮೂರನೆಯ ಸಲವೂ ಕೆಂಪಾದರೆ ಹೆಸರು ತಾನಾಗಿ ಅಳಿಯುತ್ತದೆ. ಅಳಿದ ಹೆಸರನ್ನು ಹಿಂಜರಿತ ಮುಗಿಯುವವರೆಗೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಕಾಳವ್ವನಿಗೆ ಓದು ಬಾರದು. ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಮೂಲೆಯಲ್ಲಿದ್ದ ಮೌನೇಶನನ್ನು ಅವಳು ನೋಡಲಿಲ್ಲ.

ಅವಳ ಒಂಟಿ ಕೋಣೆ ಅವನ ಮನೆಯ ಪಕ್ಕದ ಓಣಿಯಲ್ಲೇ ಇತ್ತು. ದಿನಾ ಹಾದುಹೋಗುವಾಗ ಅವನು ಹೊರಗಿನಿಂದಲೇ "ಊಟ ಆತೇನ್ ದೊಡ್ಡವ್ವಾ?" ಎಂದು ಕೂಗುತ್ತಿದ್ದ. "ಆತಪಾ, ನಿಂದು?" ಎಂದು ಒಳಗಿನಿಂದ ಬರುತ್ತಿತ್ತು. "ಆತು" ಎನ್ನುವಷ್ಟರಲ್ಲಿ ಅವನು ಓಣಿ ದಾಟಿರುತ್ತಿದ್ದ.

ಆ ಮಧ್ಯಾಹ್ನ ಒಳಗೆ ಹೋದ. ಒಲೆಯ ಮೇಲಿನ ರೊಟ್ಟಿ ಹಂಚು ತುಕ್ಕು ಹಿಡಿದಿತ್ತು. ಹಂಚಿಗೆ ತುಕ್ಕು ಹಿಡಿಯಲು ಎಷ್ಟು ಕಾಲ ಬೇಕೆಂದು ಅವನು ಯೋಚಿಸಲು ಹೋಗಿ ಬಿಟ್ಟುಬಿಟ್ಟ.

"ಊಟ ಆತೇನು?"

"ಆತಪಾ."

ಈ ಸಲ ಅವನು ಕೇಳಿಸಿಕೊಂಡ. ಅನುಕರಿಸುವವನ ಕಿವಿಯಿಂದ ಕೇಳಿದ. ಹಿಡಿದುಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ಏರಿಲ್ಲ, ಇಳಿತವಿಲ್ಲ, ಮೊದಲೆಲ್ಲ ಕೊನೆಯಲ್ಲಿರುತ್ತಿದ್ದ ಸಣ್ಣ ನಗೆಯಿಲ್ಲ. ಬೆಳಗ್ಗೆ ಸಾಲಿನಲ್ಲಿದ್ದ ಗಂಡಸಿನದೂ ಅವನ ಹಿಂದಿದ್ದ ಹೆಂಗಸಿನದೂ ಇದೇ ದನಿ. ಎಷ್ಟೋ ತಿಂಗಳಿಂದ ಹೊಸದೊಂದು ದನಿ ಕಲಿತಿಲ್ಲವೆಂಬುದು ಅವನಿಗೆ ಗೊತ್ತಿತ್ತು. ತನ್ನ ಕಲೆ ಮೊಂಡಾಯಿತೆಂದುಕೊಂಡು ಸುಮ್ಮನಿದ್ದ. ಮೊಂಡಾದದ್ದು ಅದಲ್ಲ, ಊರಿನ ಬಾಯಲ್ಲೇ ಒಂದೇ ದನಿ ಉಳಿದಿತ್ತು.

ತನ್ನ ಡಬ್ಬಿಯಲ್ಲಿದ್ದುದನ್ನು ಅವಳ ತಾಟಿಗೆ ಸುರಿದ. ಹಿಂಜರಿತದಲ್ಲಿ ಅರ್ಧಕ್ಕಿಳಿದ ಪಗಾರದ ಡಬ್ಬಿ, ಹೆಚ್ಚೇನಿರಲಿಲ್ಲ. ಅವಳು ಯಾರೋ ಹೇಳಿದ್ದಕ್ಕೆ ಮಾಡುವ ಕೆಲಸದಂತೆ ಅಗಿದಳು.

ಮರುದಿನ ನಫೀಸಾ ಮೊದಲ ವರ್ಷದ ದನಿಗಳನ್ನೂ ಈ ವರ್ಷದವನ್ನೂ ಪಕ್ಕಪಕ್ಕ ಇಟ್ಟು ಕೇಳಿಸಿದರು. ಪರದೆಯ ಮೇಲೆ ಹಳೆಯ ದನಿಗಳ ಗೆರೆಗಳು ಮುಳ್ಳುಮುಳ್ಳಾಗಿ, ಹೊಸವು ನಯವಾಗಿ ಬಾಚಿದ ಕೂದಲಿನಂತೆ ಕಂಡವು.

"ಕಾಲ ಮಡಚಿ ಭಾಳ ಹೊತ್ತು ಕುಂತ್ರ ಏನಾಗ್ತೈತಿ?" ಎಂದು ಕೇಳಿದರು.

"ಜೋಮು ಹಿಡೀತೈತ್ರಿ."

"ಆಗ ಚಿವುಟಿದ್ರ?"

"ಗೊತ್ತಾಗಂಗಿಲ್ಲ."

"ಹಸಿವಿನ ಮೊದಲ ದಿನಗಳಾಗ ದೇಹ ಚೀರತೈತಿ. ಯಂತ್ರ ಆ ಚೀರಾಟದ ಅಳತಿ ಮಾಡ್ತೈತಿ. ವರ್ಷಗಟ್ಟಲೆ ಆದ್ಮ್ಯಾಲ ದೇಹ ಚೀರೂದು ಬಿಡ್ತೈತಿ. ಸುಮ್ನ ಆದವ್ರನ್ನ ಯಂತ್ರ ಉಂಡವ್ರು ಅಂತ ತಿಳಕೊಂಡೈತಿ." ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. "ನಾ ಹಸಿವು ಅಳೆಯೋ ಯಂತ್ರ ಮಾಡಿಲ್ಲ, ಮೌನೇಶ. ಹಸಿವಿನ ತಕರಾರು ಅಳೆಯೋದು ಮಾಡೀನಿ."

ದಿಲ್ಲಿಗೆ ಅಂದೇ ತಿಳಿಸಿದರು. ಉತ್ತರವೂ ಬೇಗ ಬಂತು. ಮೌನೇಶ ಅದನ್ನು ಮೂಗಿನಿಂದ ಮಾತಾಡುವ ಹಿರಿಯ ಅಧಿಕಾರಿಯ ದನಿಯಲ್ಲಿ ಓದಿದ: "ತಮ್ಮ ಕಾಳಜಿಯನ್ನು ಗಮನಿಸಲಾಗಿದೆ. ಫಲಿತಾಂಶಗಳು ತೃಪ್ತಿಕರವಾಗಿರುವ ಈ ಹಂತದಲ್ಲಿ ಯಂತ್ರವನ್ನು ಮುಟ್ಟತಕ್ಕದ್ದಲ್ಲ." ಹಳೆಯ ದಿನಗಳಾಗಿದ್ದರೆ ನಫೀಸಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ದೊಡ್ಡವ್ವಗ ನಡುಗಾಕ ಕಲಿಸ್ಲೇನ್ರಿ?"

"ನೀನ ಕಲಿಸಿದ ನಡುಕಾನ? ನಿನ್ನ ಅಷ್ಟೂ ಕಳ್ಳದನಿ ಅದರ ತಲ್ಯಾಗ ಅದಾವ. ಮೊದ್ಲು ನಿನ್ನ ಶಿಷ್ಯಾರನ್ನ ಹಿಡೀತೈತಿ."

ಹೌದು. ಸುಳ್ಳಿನ ಬಾಗಿಲುಗಳನ್ನೆಲ್ಲ ಪಗಾರ ತೆಗೆದುಕೊಂಡು ಅವನೇ ಮುಚ್ಚಿದ್ದ.

"ಮತ್ತ ಖರೇ ಹೇಳಿದ್ರ?" ಎಂದ. "ಊಟ ಆತೇನು ಅಂದ್ರ, ಇಲ್ಲಾ ಅಂತ?"

"ಯಂತ್ರಕ್ಕ ಆ ಶಬ್ದಾನ ಗೊತ್ತಿಲ್ಲ" ಎಂದರು ನಫೀಸಾ. "ದೇಶದ ತುಂಬ ತಿರುಗಿ ದನಿ ಕೂಡಿಸಿದ್ವಿ. ಒಬ್ರೂ ಇಲ್ಲಾ ಅಂದಿರ್ಲಿಲ್ಲ. ಕಲಿಸೋದು ಬೇಕು ಅಂತ ನನಗೂ ಹೊಳೀಲಿಲ್ಲ." ಆಮೇಲೆ ಮೆಲ್ಲಗೆ ಸೇರಿಸಿದರು: "ಮಾತು ಬರಲಾರದವ್ರ ಸಲುವಾಗಿ ಒಂದು ನಿಯಮ ಬರದಿದ್ದೆ. ಮೂರು ಸಲ ಉತ್ತರ ತಿಳೀದಿದ್ರ ದೀಪ ಹತ್ತಬಾರ್ದು. ಒಬ್ಬ ಮನುಷ್ಯಾ ಎದುರಿಗೆ ಕುಂತು ಕೇಳ್ಬೇಕು."

ಸಂಜೆ ಮೌನೇಶ ಹೋಗಿ, ಈ ಸಲ 'ಇಲ್ಲ' ಅನ್ನು ಎಂದರೆ ಕಾಳವ್ವ ಮಾತ್ರ ಒಪ್ಪಲಿಲ್ಲ. "ನಾಕು ಮಂದಿ ಮುಂದ ಉಂಡಿಲ್ಲ ಅನ್ನೂದೇನಪಾ? ಜೀವಮಾನದಾಗ ಅಂದಿಲ್ಲ."

"ಮಂದಿ ಅಲ್ಲಬೇ, ಅದು ಗ್ವಾಡಿ."

"ಗ್ವಾಡಿ ಆದ್ರೂ ನನ್ನ ದನೀಲೆ ಕೇಳ್ತೈತಲ್ಲ. ನಾನ ಕೇಳಿದ್ದಕ್ಕ ನಾನ ಇಲ್ಲಾ ಅನ್ಲೇನು?"

"ಹಂಗಾರ ನಂಗ ಹೇಳು. ಊಟ ಆತೇನ್ ದೊಡ್ಡವ್ವಾ?"

ಅವಳ ತುಟಿ 'ಆ'ಗೆ ತೆರೆದುಕೊಂಡಿತು. ಮೌನೇಶ ಕದಲದೆ ಕುಳಿತಿದ್ದ. ಓಣಿ ದಾಟಿ ಹೋಗುವ ಹೆಜ್ಜೆಯ ಸದ್ದಿಲ್ಲದ ಆ ಪ್ರಶ್ನೆಯನ್ನು ಅವಳು ಎಂದೂ ಎದುರಿಸಿರಲಿಲ್ಲ. ತುಟಿ ಮುಚ್ಚಿಕೊಂಡಿತು. ಅವಳು ಹಂಚಿನ ಕಡೆ ನೋಡಿದಳು.

ಮುಂದಿನ ತಿಂಗಳ ಸರದಿಯ ದಿನ ಅವಳು ಸಾಲಿನಲ್ಲಿ ನಿಂತಾಗ ಏನು ಹೇಳುತ್ತಾಳೆಂದು ಮೌನೇಶನಿಗೆ ಗೊತ್ತಿರಲಿಲ್ಲ. ಹೆಬ್ಬೆರಳು ಗಾಜಿನ ಮೇಲೆ ಬಿತ್ತು.

"ಊಟ ಆತೇನವ್ವಾ?"

ಕಾಳವ್ವ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. "ಇಲ್ಲ."

ದೀಪ ಹತ್ತಲಿಲ್ಲ. "ತಿಳೀಲಿಲ್ಲವ್ವಾ, ಇನ್ನೊಮ್ಮೆ ಹೇಳು" ಎಂದಿತು ಗೋಡೆ. "ಊಟ ಆತೇನು?"

"ಇಲ್ಲ."

"ತಿಳೀಲಿಲ್ಲವ್ವಾ, ಇನ್ನೊಮ್ಮೆ ಹೇಳು."

"ಉಂಡಿಲ್ಲ ಅಂದ್ರ ತಿಳ್ಯಾಂಗಿಲ್ಲೇನು ನಿನಗ?" ಎಂದಳು ಕಾಳವ್ವ. ಕೂಗಲಿಲ್ಲ. ಹಿಟ್ಟು ಸರಿಯಿಲ್ಲವೆಂದು ಅಂಗಡಿಯವನಿಗೆ ಹೇಳುವ ದನಿ ಅದು. ಎಷ್ಟೋ ತಿಂಗಳ ಮೇಲೆ ಮೌನೇಶನ ಕಿವಿ ತಾನಾಗಿಯೇ ಅದನ್ನು ಹಿಡಿದಿಟ್ಟುಕೊಂಡಿತು.

ಯಾವ ದೀಪವೂ ಹತ್ತದೆ ಯಂತ್ರ ಸುಮ್ಮನಾಯಿತು. ನಫೀಸಾ ಕುರ್ಚಿಯೊಂದನ್ನು ಎಳೆದು ತಂದು ಅವಳ ಎದುರಿಗೆ ಹಾಕಿ ಕುಳಿತರು. "ಬರ್ರಿ ಅವ್ವಾರ, ಕುಂದರ್ರಿ. ಎಷ್ಟು ದಿನ ಆತು, ಹೇಳ್ರಿ."

"ಅಕ್ಕಾರ, ಹೇಳಾಕ ಕುಂತ್ರ ಹೊತ್ತು ಹಿಡೀತೈತಿ."

"ಹಿಡೀಲಿ."

ಅವಳ ಹೆಸರು ಉಳಿಯಿತು. ಹಿಂದಿದ್ದವನು ಗಾಜಿನ ಮುಂದೆ ಬಂದು, ಎಡಬಲ ನೋಡಿ, "ಆತ್ರೀ" ಎಂದ. ಕೆಂಪು. ಅವನ ಹಿಂದಿದ್ದವಳು "ಇಲ್ಲ" ಎಂದಳು, ಎರಡನೆಯ ಸಲ ಕೇಳಿದಾಗ ನಾಚಿ "ಆತು" ಎಂದುಬಿಟ್ಟಳು. 'ಇಲ್ಲ' ಎನ್ನಲು ಬಾಯಿ ಬಂದವರು ಕೆಲವರೇ. ಆ ಕೆಲವರಿಗೇ ನಫೀಸಾರ ಮುಂದೆ ಇನ್ನೊಂದು ಸಾಲು ಬೆಳೆಯಿತು. ಸಂಜೆಗೆ ಕೇಂದ್ರ ಮುಚ್ಚಿದಾಗ ಅದು ಕರಗಿರಲಿಲ್ಲ. ನಾಳೆಯೋ ನಾಡಿದ್ದೋ ದಿಲ್ಲಿಯವರು ಯಂತ್ರಕ್ಕೆ ಆ ಶಬ್ದವನ್ನೂ ಕಲಿಸುತ್ತಾರೆ, ಆಮೇಲೆ 'ಇಲ್ಲ' ಎಂದವರಿಗೆ ಯಾವ ದೀಪ ಹತ್ತಿಸುತ್ತಾರೋ ತಿಳಿಯದು ಎಂಬುದು ನಫೀಸಾರಿಗೂ ಮೌನೇಶನಿಗೂ ಗೊತ್ತಿತ್ತು.

ಗೇಟಿನ ಹತ್ತಿರ ನಫೀಸಾ ಚೀಲವನ್ನು ಹೆಗಲಿಗೇರಿಸಿಕೊಂಡು, ದಿನದಂತೆ, "ಊಟ ಆತೇನ್ ಮೌನೇಶ?" ಎಂದರು.

"ಆತ್ರೀ ಮೇಡಂ. ನಿಮ್ದು?"

"ನಂದೂ ಆತು."

ಅವರು ಆಗಲೇ ಬಸ್ಸಿನ ಕಡೆ ಎರಡು ಹೆಜ್ಜೆ ಇಟ್ಟಿದ್ದರು. ಸಂಶೋಧನಾಲಯದವರಿಗೂ ಪಗಾರ ನಿಂತಿದೆ ಎಂಬ ಸುದ್ದಿ ಮೌನೇಶನಿಗೆ ಆಗ ನೆನಪಾಯಿತು. ಕಿವಿಯಲ್ಲಿ ಆ "ಆತು" ಇನ್ನೂ ಇತ್ತು. ಪರದೆಯ ಮೇಲಿನ ಹೊಸ ಗೆರೆಗಳ ಹಾಗೆ, ಬಾಚಿದ ಕೂದಲಿನಂತಿತ್ತು. ತನ್ನದೂ ಹಾಗೆಯೇ ಇತ್ತೇನೋ.

"ತಿಳೀಲಿಲ್ಲವ್ವಾ" ಎಂದ ಮೌನೇಶ, ಕಾಳವ್ವನ ದನಿಯಲ್ಲಿ. "ಇನ್ನೊಮ್ಮೆ ಹೇಳು."

ನಫೀಸಾ ತಿರುಗಿ ನೋಡಿದರು. ಬಸ್ಸು ಬಂತು, ನಿಂತಿತು, ಹೋಯಿತು. ಬೀದಿಯಲ್ಲಿ ಆ ಪ್ರಶ್ನೆ ಕೇಳಿ ಉತ್ತರಕ್ಕಾಗಿ ನಿಂತವರನ್ನು ಮೌನೇಶ ತನ್ನ ಜೀವಮಾನದಲ್ಲಿ ನೋಡಿರಲಿಲ್ಲ.

ಅವನು ನಿಂತ.